ಬೂಟ್ ಆಗುವಾಗ ಲೋಗೋ ಇರಲಿ, ಆದ್ರೆ ಎಸ್ಕೇಪ್ ಕೀ ವಿಷಯ ಜನಕ್ಕೆ ಹೇಳಿ

ಲಿನಕ್ಸ್ ಇನ್‌ಸ್ಟಾಲ್ ಆದ ತಕ್ಷಣ ಗ್ರಬ್ (ಲಿನಕ್ಸನ್ನ ಶುರು ಮಾಡೋ ಪ್ರೋಗ್ರಾಂ) ಫೈಲಿಂದ, ಬೂಟ್ ಸಂದೇಶ ಮುಚ್ಚಿ ಲೋಗೋ ತೋರ್ಸೋ ‘ಕ್ವಯಟ್ ಸ್ಪ್ಲ್ಯಾಷ್’ ಅನ್ನೋ ಪದಗಳನ್ನ ಕಿತ್ತುಹಾಕಿ, ಆ ಲೋಗೋ ಎಲ್ಲಾ ಬರೀ ಶೋಕಿ, ಅಕ್ಷರ ಓಡೋದು ಕಂಡ್ರೇನೇ ಲಿನಕ್ಸ್ ಅಂತ ವಾದ ಮಾಡೋರು ನಮ್ ಬಳಗದಲ್ಲಿ ಬೇಕಾದಷ್ಟು ಜನ ಇದಾರೆ. ನಾನಂತೂ ಒಪ್ಪಲ್ಲ. ಮನೆಮಂದಿ, ಸ್ಕೂಲ್ ಮಕ್ಕಳು ಬಳಸೋ ಮಷೀನಲ್ಲಿ ಗ್ರಾಫಿಕಲ್ ಬೂಟ್ ಸ್ಕ್ರೀನ್ ಇರಲೇಬೇಕು. ಕಪ್ಪು ಪರದೆ ಮೇಲೆ ಸಾಲುಸಾಲು ಓಡ್ತಾ ಮಧ್ಯೆ ಎಲ್ಲೋ ಕೆಂಪಗೆ ‘ಫೇಲ್ಡ್’ ಅಂತ ಬಂದ್ರೆ ಸಾಕು, ಏನೋ ಕೆಟ್ಟೋಯ್ತು ಅಂತ ಗಾಬರಿಯಾಗಿ ಸ್ವಿಚ್ಚೇ ಆಫ್ ಮಾಡಿದೋರನ್ನ ಕಣ್ಣಾರೆ ನೋಡಿದೀನಿ.

ಮತ್ತೆ ಅದು ಶೋಕಿ ಕೆಲಸ ಅಲ್ಲವೇ ಅಲ್ಲ. ಫೆಡೋರಾ ಅನ್ನೋ ಲಿನಕ್ಸಲ್ಲಿ ಮೊದಲು ಬೂಟ್ ಸ್ಕ್ರೀನ್ ತೋರ್ಸೋಕೆ ಆರ್‌ಎಚ್‌ಜಿಬಿ ಅಂತ ಒಂದು ಪ್ರೋಗ್ರಾಂ ಇತ್ತು, ಒಂದು ಚಿತ್ರ ತೋರ್ಸೋಕೆ ಬೂಟ್ ಮಧ್ಯದಲ್ಲಿ, ಇಡೀ ಡೆಸ್ಕ್‌ಟಾಪ್ ತೋರ್ಸೋ ಎಕ್ಸ್ ಸರ್ವರನ್ನೇ ಶುರು ಮಾಡ್ತಿತ್ತು. 2008ರಲ್ಲಿ ಫೆಡೋರಾ 10ರ ಜೊತೆ ಅದರ ಬದಲಿಗೆ ಪ್ಲೈಮೌತ್ ಬಂತು, ರೆಡ್ ಹ್ಯಾಟ್‌ನ ರೇ ಸ್ಟ್ರೋಡ್ ಬರೆದಿದ್ದು, ಉಬುಂಟು 2010ರಲ್ಲಿ 10.04ಕ್ಕೆ ಅದನ್ನೇ ತಗೊಂಡ್ತು. ಇದು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲೇ ಮೆಮೊರಿಗೆ ಬರೋ ಫೈಲ್‌ಗಳ ಪುಟ್ಟ ಗಂಟು) ಒಳಗೇ ಇರತ್ತೆ, ಲಿನಕ್ಸಿನ ತಿರುಳಾದ ಕರ್ನಲ್ಲೇ ಡಿಸ್ಪ್ಲೇ ಮೋಡ್ ಸೆಟ್ ಮಾಡಿದ ಕೂಡ್ಲೇ ಚಿತ್ರ ಮೂಡಿಸತ್ತೆ, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಪಾಸ್‌ವರ್ಡ್ ಕೇಳೋದೂ ಇದೇ. 2019ರ ಫೆಡೋರಾ 30ರಲ್ಲಂತೂ ಲ್ಯಾಪ್‌ಟಾಪ್ ಕಂಪನಿಯ ಲೋಗೋ ಒಂಚೂರೂ ಮಿಣುಕದೆ ಹಾಗೇ ನಿಂತು ಕೆಳಗೆ ಸ್ಪಿನ್ನರ್ ತಿರುಗೋ ಹಾಗೆ ಮಾಡಿದ್ರು, ಮೊದಲ ಸಲ ನೋಡಿದಾಗ ನಿಜವಾಗ್ಲೂ ಖುಷಿಯಾಯ್ತು.

ನಮಗೆ ಇನ್ನೊಂದು ಕಾರಣಾನೂ ಇದೆ. ಲಿನಕ್ಸಿನ ಟೆಕ್ಸ್ಟ್ ಕನ್ಸೋಲಲ್ಲಿ (ಅಕ್ಷರ ಓಡೋ ಆ ಕಪ್ಪು ಪರದೆ) ಕನ್ನಡ ಬರಲ್ಲ. ಅದರ ಫಾಂಟಲ್ಲಿ ಹೆಚ್ಚಂದ್ರೆ 512 ಆಕಾರ, ಒತ್ತಕ್ಷರ ಕೂಡಿಸೋ ವ್ಯವಸ್ಥೇನೇ ಇಲ್ಲ. ಗ್ರಾಫಿಕಲ್ ಸ್ಕ್ರೀನಲ್ಲಿ ಆ ತೊಂದ್ರೆ ಇಲ್ಲ, ಏನಿಲ್ಲಾಂದ್ರೂ ಕನ್ನಡದಲ್ಲಿ ಬರೆದಿರೋ ಒಂದು ಪಿಎನ್‌ಜಿ ಚಿತ್ರ ಇಟ್ರೂ ನಡೆಯತ್ತೆ.

ನನ್ನ ತಕರಾರು ಬೇರೆ. ಮುಚ್ಚಿಡೋದು ಸರಿ, ಆದ್ರೆ ಮುಚ್ಚಿದ್ದನ್ನ ತೆಗೆಯೋದು ಹೇಗೆ ಅಂತ ಸ್ಕ್ರೀನ್ ಮೇಲೆ ಎಲ್ಲೂ ಹೇಳಲ್ವಲ್ಲ! ಪರಿಚಯದವರ ಮನೆ ಲ್ಯಾಪ್‌ಟಾಪ್ ಒಂದು ಬೂಟ್ ಆಗುವಾಗ ಸ್ಪಿನ್ನರ್ ತಿರುಗ್ತಾನೇ ಇರ್ತಿತ್ತು, ರಿಪೇರಿ ಅಂಗಡಿಯವರು ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕ್ಬೇಕು ಅಂದಿದ್ರಂತೆ. ಎಸ್ಕೇಪ್ ಒತ್ತಿದೆ, ಲೋಗೋ ಹೋಯ್ತು, ಅಕ್ಷರ ಬಂತು. ಕೊನೇ ಸಾಲಲ್ಲಿ ಕೆಂಪು ನಕ್ಷತ್ರಗಳು ಆ ಕಡೆ ಈ ಕಡೆ ಓಡಾಡ್ತಾ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಅಂತ, ಪಕ್ಕದಲ್ಲಿ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ನಂಬರ್), ಆಮೇಲೆ ಸೆಕೆಂಡ್ ಲೆಕ್ಕ, ಮಿತಿ 1 ನಿಮಿಷ 30 ಸೆಕೆಂಡ್. ಆಗಿದ್ದಿಷ್ಟೇ, ಪಕ್ಕದಲ್ಲಿ ಇನ್ನೊಂದು ಲಿನಕ್ಸ್ ಹಾಕುವಾಗ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸೋ ಡಿಸ್ಕ್ ಭಾಗ) ಹೊಸದಾಗಿ ಫಾರ್ಮ್ಯಾಟ್ ಆಗಿ ಅದರ ಯುಯುಐಡಿ ಬದಲಾಗಿತ್ತು, ಹಳೇ ಲಿನಕ್ಸಿನ ಎಫ್‌ಎಸ್‌ಟ್ಯಾಬ್ ಫೈಲಲ್ಲಿ (ಯಾವ್ಯಾವ ಪಾರ್ಟಿಷನ್ ಬಳಸ್ಬೇಕು ಅನ್ನೋ ಪಟ್ಟಿ) ಮಾತ್ರ ಹಳೇದೇ ಇತ್ತು, ಇಲ್ಲದಿರೋ ಸ್ವಾಪ್‌ಗೋಸ್ಕರ, ಬೂಟ್ ಕೆಲಸಗಳನ್ನ ನಡೆಸೋ ಸಿಸ್ಟಮ್‌ಡಿ ದಿನಾ ಒಂದೂವರೆ ನಿಮಿಷ ಕಾದು ಆಮೇಲೆ ಮುಂದೆ ಹೋಗ್ತಿತ್ತು. ಬ್ಲಾಕ್‌ಐಡಿ (blkid) ಕಮಾಂಡಲ್ಲಿ ಹೊಸ ನಂಬರ್ ನೋಡಿ ಒಂದು ಸಾಲು ತಿದ್ದಿದ್ದಕ್ಕೆ ಎಲ್ಲಾ ಸರಿಹೋಯ್ತು. ಸುಮ್ಸುಮ್ನೆ ಸಾವಿರಾರು ರೂಪಾಯಿ ಹೋಗ್ತಿತ್ತು ನೋಡಿ.

ಬೂಟ್ ಶುರುವಾಗಿ ಎಷ್ಟು ಹೊತ್ತಾಯ್ತು ಅನ್ನೋ ಲೆಕ್ಕ ಪ್ಲೈಮೌತ್‌ನ ಸ್ಕ್ರಿಪ್ಟ್ ಥೀಮ್‌ಗೆ (ಪರದೆ ಮೇಲೆ ಏನು ತೋರ್ಸಬೇಕು ಅಂತ ಹೇಳೋ ಪುಟ್ಟ ಕೋಡ್) ಸಿಗತ್ತೆ. ಹಾಗಿರುವಾಗ ಅರ್ಧ ನಿಮಿಷ ದಾಟಿದ್ರೆ ಲೋಗೋ ಕೆಳಗೆ ‘ಏನಾಗ್ತಿದೆ ನೋಡೋಕೆ ಎಸ್ಕೇಪ್ ಒತ್ತಿ’ ಅಂತ ಸಣ್ಣಗೆ ಒಂದು ಸಾಲು ತೋರ್ಸೋದು ಏನ್ ಮಹಾ ಕಷ್ಟ? ಡಿಸ್ಟ್ರೋದವರು (ಫೆಡೋರಾ, ಉಬುಂಟು ಥರ ಲಿನಕ್ಸ್ ಸಿದ್ಧಮಾಡಿ ಕೊಡೋರು) ಇದನ್ನ ಡಿಫಾಲ್ಟ್ ಆಗೇ ಕೊಡಬೇಕು, ವಾಲ್‌ಪೇಪರ್ ಬದಲಾಯಿಸೋಕೆ ಕೊಡೋ ಗಮನದಲ್ಲಿ ಕಾಲುಭಾಗ ಸಾಕು ಇದಕ್ಕೆ.

ಅಲ್ಲೀವರೆಗೆ ನೀವು ಮಾಡಬಹುದಾದ್ದು: ಎಸ್ಕೇಪ್‌ಗೂ ಬಗ್ಗದಿದ್ರೆ ಗ್ರಬ್ ಮೆನುವಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗೋ ಸಾಲಿಂದ ‘ಕ್ವಯಟ್ ಸ್ಪ್ಲ್ಯಾಷ್’ ಅಳಿಸಿ (ಫೆಡೋರಾ ಆದ್ರೆ ‘ಆರ್‌ಎಚ್‌ಜಿಬಿ ಕ್ವಯಟ್’), ಎಫ್10 ಒತ್ತಿ. ಆ ಒಂದು ಸಲಕ್ಕೆ ಮಾತ್ರ ಎಲ್ಲಾ ಕಾಣತ್ತೆ, ಮುಂದಿನ ಸಲ ಲೋಗೋ ವಾಪಸ್. ಥೀಮ್ ಮಾಡೋಕೆ ಬರೋರು ಯಾರಾದ್ರೂ ಇದ್ರೆ ತಿಳಿಸಿ, ಆ ಎಸ್ಕೇಪ್ ಸಾಲನ್ನ ಕನ್ನಡದಲ್ಲಿ ಹಾಕಿ ಉಬುಂಟುವಲ್ಲಿ ಟೆಸ್ಟ್ ಮಾಡೋ ಕೆಲಸ ನಂದು.