‘ನನ್ನ ದುಡ್ಡು ಏನಾಯ್ತು’ ಅಂತ ಕೇಳುವ ರೈತ

ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಒಂಬತ್ತು ವರ್ಷವಾಯ್ತು. ನನ್ನ ಕೆಲಸಕ್ಕೂ ಹೊಲಕ್ಕೂ ಸಂಬಂಧವಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಆಫೀಸಿನ ಗೆಳೆಯ ತನ್ನ ಅಪ್ಪನ ಜಮೀನಿಗೆ ಕರೆದುಕೊಂಡು ಹೋದ. ಮೂರು ಗಂಟೆ ಕಾರು, ಎರಡೂ ಕಡೆ ಬರೀ ಗೋಧಿ. ಅವತ್ತು ಪಕ್ಕದ ಹೊಲದಲ್ಲಿ ಸಂಶೋಧಕರು ಹೊಸ ತಳಿಗಳನ್ನು ತೋರಿಸುವ ದಿನ. ಸುಮ್ನೆ ಟೋಪಿ ಹಾಕಿಕೊಂಡು ಹಿಂದೆ ನಿಂತೆ.

ಒಬ್ಬ ಹುಡುಗಿ, ಈಗಷ್ಟೇ ಪಿಎಚ್‌ಡಿ ಮುಗಿಸಿದವಳು, ಆಳಕ್ಕೆ ಬಿತ್ತಿದರೂ ಮೊಳಕೆ ಮೇಲೆ ಬರುವ ಗೋಧಿಯ ಬಗ್ಗೆ ಹೇಳುತ್ತಿದ್ದಳು. ಮೇಲಿನ ಮಣ್ಣು ಒಣಗಿದ್ದರೂ ಕೆಳಗಿನ ಹಸಿಗೆ ಬೀಜ ಮುಟ್ಟಿಸಬಹುದು, ಮೊದಲ ಮಳೆಗೆ ಕಾಯುತ್ತಾ ಕೂರಬೇಕಿಲ್ಲ. ಗೆಳೆಯನ ಅಪ್ಪ ಮಧ್ಯದಲ್ಲೇ ತಡೆದರು. "ಇದಕ್ಕೆ ನನ್ನ ದುಡ್ಡು ವರ್ಷಗಳಿಂದ ಹೋಗ್ತಿದೆ. ನನ್ನ ಮರಳು ಮಣ್ಣಿಗೆ ಯಾವಾಗ ಬರುತ್ತೆ?" ಅವಳು ಮುಖ ಗಂಟು ಹಾಕಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡಳು.

‘ನನ್ನ ದುಡ್ಡು’ ಅನ್ನೋದು ಬಾಯಿಮಾತಲ್ಲ. ಇಲ್ಲಿ ರೈತ 100 ಡಾಲರಿನ ಗೋಧಿ ಮಾರಿದರೆ ಸುಮಾರು ಒಂದು ಡಾಲರ್ ಸಂಶೋಧನೆಗೆ ಅಂತಲೇ ಮುರಿದುಕೊಳ್ಳುತ್ತಾರೆ. ಅದಕ್ಕೆ ಸರ್ಕಾರವೂ ಒಂದು ಮಿತಿಯೊಳಗೆ ತನ್ನ ಪಾಲು ಸೇರಿಸುತ್ತೆ. ಎರಡೂ ಹೋಗೋದು ಧಾನ್ಯ ಸಂಶೋಧನೆಯ ನಿಗಮಕ್ಕೆ, ಜಿಆರ್‌ಡಿಸಿ ಅಂತಾರೆ, 1990ರಿಂದ ಇದೆ.

ಆಮೇಲೆ ಚಹಾ ಕುಡಿಯುವಾಗ ಗೆಳೆಯನ ಅಪ್ಪ ನನ್ನನ್ನು ಕೇಳಿದರು, ನಿಮ್ಮ ಕಡೆ ರೈತರು ಎಷ್ಟು ಕಟ್ತಾರೆ ಅಂತ. ಏನೂ ಇಲ್ಲ, ಎಲ್ಲಾ ಸರ್ಕಾರವೇ ಕೊಡುತ್ತೆ ಅಂದೆ, ಸ್ವಲ್ಪ ಜಂಬದಿಂದಲೇ. "ಹೌದಾ? ಹಾಗಾದ್ರೆ ವಿಜ್ಞಾನಿಗಳು ಯಾರಿಗೆ ಉತ್ತರ ಕೊಡ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಸ್ಟ್ರೇಲಿಯಾದ ಈ ನೈಋತ್ಯ ಮೂಲೆಯಲ್ಲಿ 1970ರಿಂದೀಚೆಗೆ ಬೆಳೆಗಾಲದ ಮಳೆ ಸುಮಾರು 15 ಪರ್ಸೆಂಟ್ ಇಳಿದಿದೆ. ದೇಶದ ಲೆಕ್ಕ ತಗೊಂಡರೆ, ಮಳೆ ಕಮ್ಮಿಯಾಗಿ ಬಿಸಿಲು ಏರಿದ್ದರಿಂದ ಗೋಧಿ ಎಷ್ಟು ಬೆಳೆಯಬಹುದು ಅನ್ನೋ ಮಿತಿಯೇ 1990ರಿಂದ 2015ರೊಳಗೆ 27 ಪರ್ಸೆಂಟ್ ಕುಸಿದಿದೆ ಅಂತ ಇಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, ಆದರೂ ರೈತನ ಕೈಗೆ ಬಂದ ಇಳುವರಿ ಬೀಳಲಿಲ್ಲ. ಉಳುಮೆ ಇಲ್ಲದ ಬಿತ್ತನೆ, ಹೊಸ ತಳಿ, ಕಳೆ ಸಂಭಾಳಿಸಿ ಹಸಿ ಉಳಿಸೋದು, ಇವೆಲ್ಲ ಹೊಲದಿಂದ ಹೊಲಕ್ಕೆ ಹೋದದ್ದರ ಫಲ.

ನಮ್ಮಲ್ಲಿ ವಿದ್ಯೆ ಇಲ್ವಾ? ಧಾರಾಳವಾಗಿದೆ. 2011ರಲ್ಲಿ ಕೇಂದ್ರದ ನಿಕ್ರಾ ಯೋಜನೆ ಬಂತು, ಹವಾಮಾನ ಕೈಕೊಟ್ಟರೂ ತಡೆದುಕೊಳ್ಳುವ ಕೃಷಿಗೆ ಅಂತ. ನಮ್ಮ ತುಮಕೂರು ಜಿಲ್ಲೆಯಲ್ಲೇ ಕೊರಟಗೆರೆ ತಾಲೂಕಿನ ಡಿ. ನಾಗೇನಹಳ್ಳಿಯನ್ನು ಆರಿಸಿಕೊಂಡು ಕೃಷಿ ಹೊಂಡ, ಬರ ತಡೆಯುವ ಎಂಎಲ್-365 ರಾಗಿ ಎಲ್ಲಾ ಮಾಡಿ ತೋರಿಸಿದರು. ಒಳ್ಳೆ ಕೆಲಸ. ಆದರೆ ತೋರಿಸಿದ್ದು ಒಂದೂರಲ್ಲಿ. ಚಿಕ್ಕಪ್ಪನ ಊರಿಗೂ ಇನ್ಯಾವುದೋ ಯೋಜನೆ ಬಂದಿತ್ತು, ಎರಡು ವರ್ಷ ಜೀಪು ಓಡಾಡಿತು, ದುಡ್ಡು ಮುಗಿಯಿತು, ಬದುವಿನ ಮೇಲೆ ಬೋರ್ಡ್ ಉಳಿಯಿತು. "ಬೋರ್ಡ್ ಗಟ್ಟಿಯಾಗಿದೆ ಕಣಪ್ಪಾ, ಬುತ್ತಿ ಬಿಚ್ಚೋಕೆ ನೆರಳಾಯ್ತು" ಅಂತಾರೆ ಚಿಕ್ಕಪ್ಪ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದಾಗ ಆ ನೆರಳೂ ಸಾಲಲಿಲ್ಲ ಬಿಡಿ.

ದುಡ್ಡೂ ಕಮ್ಮಿಯೇ. ಕೃಷಿ ಸಂಶೋಧನೆಗೆ ಹಾಕಿದ ಒಂದೊಂದು ರೂಪಾಯಿಗೂ 13.85 ರೂಪಾಯಿ ವಾಪಸ್ ಬರುತ್ತೆ ಅಂತ ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆಯೇ ಬರೆದಿದೆ. ಇಂಥ ಬಡ್ಡಿ ಬರೋ ಚೀಟಿ ಸಿಕ್ಕರೆ ನಾವು ಬಿಡ್ತಿದ್ವಾ? ಆದರೆ ನನ್ನ ತಕರಾರು ಮೊತ್ತದ್ದಲ್ಲ. ದುಡ್ಡು ಮೇಲಿಂದ ಬರುತ್ತೆ, ಲೆಕ್ಕವೂ ಮೇಲಕ್ಕೇ ಹೋಗುತ್ತೆ. ಬದುವಿನ ಮೇಲೆ ನಿಂತವನಿಗೆ ಲೆಕ್ಕ ಒಪ್ಪಿಸಬೇಕಾದವರು ಯಾರೂ ಇಲ್ಲ, ಹಾಗಾಗಿ ಪಕ್ಕದೂರಿಗೆ ಯಾಕೆ ಬರಲಿಲ್ಲ ಅಂತ ಕೇಳೋದು ಅವನಿಗೆ ಹೊಳೆಯೋದೂ ಇಲ್ಲ.

ಇದನ್ನೆಲ್ಲ ಫೋನಿನಲ್ಲಿ ಚಿಕ್ಕಪ್ಪನಿಗೆ ಬಡಬಡಿಸಿದೆ. ಅವರು ಕೇಳಿದ್ದು ಒಂದೇ, ಅವನಿಗೆ ಜಮೀನು ಎಷ್ಟಿದೆ? ನಾಲ್ಕು ಸಾವಿರ ಹೆಕ್ಟೇರ್ ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಚಿಕ್ಕಪ್ಪನದು ಮೂರೆಕರೆ, ಬೆಳೆದ ರಾಗಿಯಲ್ಲಿ ಮುಕ್ಕಾಲು ಪಾಲು ಮನೆಗೇ ಬೇಕು. ಮಾರದ ರಾಗಿಯಲ್ಲಿ ಏನು ಮುರಿದುಕೊಳ್ತಾರೆ? ಅದೂ ಅಲ್ಲದೆ ಇಲ್ಲಿ ಹೊಸ ತಳಿ ಬೆಳೆದರೆ ಟನ್ನಿಗೆ ಇಷ್ಟು ಅಂತ ತಳಿ ಮಾಡಿದವರಿಗೂ ಕಟ್ಟಬೇಕು, ಗೆಳೆಯನ ಅಪ್ಪ ಅದಕ್ಕೆ ಬೈದುಕೊಳ್ಳೋದನ್ನು ಅವತ್ತೇ ಕೇಳಿದ್ದೆ. ನಮ್ಮಲ್ಲಿ ಬೀಜ ಇಟ್ಟುಕೊಳ್ಳೋ, ಹಂಚಿಕೊಳ್ಳೋ ಹಕ್ಕು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಬೆಂಕಿರೋಗ ತಡೆಯೋ ಜಿಪಿಯು-28 ರಾಗಿ ಯಾವ ಮುರಿತವೂ ಇಲ್ಲದೆ, ಸರ್ಕಾರದ ದುಡ್ಡಲ್ಲೇ ಹುಟ್ಟಿ ಚಿಕ್ಕಪ್ಪನ ಹೊಲ ತಲುಪಿದೆ. ಇದನ್ನು ಒಪ್ಪಬೇಕು, ಒಪ್ಪಿದೆ.

ಚಿಕ್ಕಪ್ಪ ಅಲ್ಲಿಗೇ ಬಿಡಲಿಲ್ಲ. ಈ ಸಲ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿ ಕೇಳೇಬಿಡ್ತೀನಿ ಅಂದರು. ಏನು ಕೇಳ್ತೀರ ಚಿಕ್ಕಪ್ಪ ಅಂದೆ. "ಮೊದಲು ಊಟದ ಕ್ಯೂ ಎಲ್ಲಿ ಅಂತ. ಆಮೇಲೆ ನಿನ್ನ ಪ್ರಶ್ನೆ."