ಹಳ್ಳದಲ್ಲಿ ನೀರಿದೆಯಲ್ಲ, ಇನ್ನೇನು ಬೇಕು?

ಚಿಕ್ಕವರಿದ್ದಾಗ ರಜೆ ಬಂತೆಂದರೆ ಹಳ್ಳಕ್ಕಿಳಿದು ಬೈರಾಸಿನಲ್ಲಿ ಮೀನು ಹಿಡಿಯುವುದೇ ನಮ್ಮ ಕೆಲಸ. ಒಂದು ಮಾತ್ರ ಯಾವತ್ತೂ ಸಿಕ್ಕಿದ್ದಿಲ್ಲ. ನೀರು ಭೋರೆಂದು ಧುಮುಕುವಲ್ಲೇ ಬಂಡೆಗೆ ಹಲ್ಲಿಯ ಹಾಗೆ ಅಂಟಿ ಕೂತಿರುತ್ತಿದ್ದ ಬೆರಳುದ್ದದ ಮೀನು. ಕೈ ಹತ್ತಿರ ಹೋದರೆ ಕಲ್ಲಿನ ಮೇಲೇ ಜಾರಿ ಆಚೆ ಬದಿಗೆ ಮಾಯ. ಹಲ್ಲಿಮೀನು ಅಂತಿದ್ದೆವು. ಭವಾನಿಯಾ ಆಸ್ಟ್ರಾಲಿಸ್ ಅನ್ನುವ ಭಾರದ ಹೆಸರು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ.

ಅದು ಅಂಟಿಕೊಳ್ಳುವುದು ಗೋಂದಿನಿಂದಲ್ಲ, ಮೈಕಟ್ಟಿನಿಂದ. ಹೊಟ್ಟೆ ಸಪಾಟು, ಅಕ್ಕಪಕ್ಕದ ರೆಕ್ಕೆಗಳು ಬೀಸಣಿಗೆಯಂತೆ ಕಲ್ಲಿನ ಮೇಲೆ ಹರಡಿರುತ್ತವೆ. ಕಲ್ಲಿಗೆ ತಾಗಿದಲ್ಲಿ ನೀರಿನ ಓಟ ಕಡಿಮೆ, ಸೆಳವೆಲ್ಲ ಬೆನ್ನಿನ ಮೇಲಿಂದ ಹಾದುಹೋಗುತ್ತದೆ. ಬಾಯಿ ತಲೆಯ ಅಡಿಗಿದೆ. ಬಂಡೆಯ ಪಾಚಿ, ಅದರಲ್ಲಿರುವ ಹುಳದ ಮರಿಗಳನ್ನು ಕೆರೆದು ತಿನ್ನಲು ಅದೇ ಅನುಕೂಲ.

ಇದರ ನೆಂಟನೊಬ್ಬನಿಗೆ ನಮ್ಮ ಮೈಸೂರಿನ ಹೆಸರೇ ಇದೆ: ಬಾಲಿಟೋರಾ ಮೈಸೊರೆನ್ಸಿಸ್. ಶಿವನಸಮುದ್ರದ ಕಾವೇರಿಯಲ್ಲಿ ಸಿಕ್ಕಿದ್ದನ್ನು ನೋಡಿ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1941ರಲ್ಲಿ ಹೆಸರಿಟ್ಟರು. ಅಲ್ಲಿ ಕರೆಂಟು ಹುಟ್ಟಿದ್ದು 1902ರಲ್ಲಿ. ಮೀನಿಗೆ ಹೆಸರು ಬರಲು ಇನ್ನೂ 39 ವರ್ಷ ಬೇಕಾಯ್ತು ನೋಡಿ! ಈಶಾನ್ಯದಲ್ಲೂ ನಮ್ಮ ಘಟ್ಟದಲ್ಲೂ ಇದ್ದು ನಡುವಿನ ಬಯಲಿನಲ್ಲಿ ಕಾಣದ ಇಂಥ ಮೀನುಗಳು ಇಲ್ಲಿಗೆ ಬಂದದ್ದು ಹೇಗೆ? ಮಧ್ಯಭಾರತದ ಸಾತ್ಪುರ ಬೆಟ್ಟಸಾಲು ಹಿಡಿದು, ಅಂದರು ಹೋರಾ. ಇವತ್ತು ಎಲ್ಲರೂ ಒಪ್ಪುವುದಿಲ್ಲ. ನನಗಂತೂ ಬೆಟ್ಟದಿಂದ ಬೆಟ್ಟಕ್ಕೆ ಹೊಳೆ ಬದಲಿಸುತ್ತಾ ಬಂದ ಮೀನು ಅಂದರೆ ಇಷ್ಟ.

ಈಗ ನನ್ನ ಜಗಳ. ಶೃಂಗೇರಿ, ಶಿಶಿಲದಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಕೈ ಮುಗಿಯುತ್ತೇವೆ, ಸಂತೋಷ. ಆದರೆ ಹಲ್ಲಿಮೀನಿಗೆ ಬೇಕಾದ್ದು ಅಕ್ಕಿಯಲ್ಲ, ಬರಿಗಲ್ಲು ಮತ್ತು ಓಡುವ ನೀರು. ಪ್ರತಿ ತಿರುವಿಗೊಂದು ಕಿಂಡಿ ಅಣೆಕಟ್ಟು ಕಟ್ಟಿ, ಕಿಂಡಿಗೆ ಹಲಗೆ ಹಾಕಿ ನೀರು ನಿಲ್ಲಿಸಿ 'ಹೊಳೆ ತುಂಬಿದೆ' ಅಂತ ಫೋಟೋ ಹಾಕುತ್ತೇವಲ್ಲ, ಆ ನಿಂತ ನೀರಿನಡಿ ಹೂಳು ಕೂತು ಬಂಡೆಗಳು ಮುಚ್ಚಿಹೋಗುತ್ತವೆ. ಕೆರೆದು ತಿನ್ನಲು ಪಾಚಿಯಿಲ್ಲ, ಉಸಿರಿಗೆ ಬೇಕಾದಷ್ಟು ಆಮ್ಲಜನಕವಿಲ್ಲ. ತೋಟಕ್ಕೆ ನೀರು ಬೇಡ ಅನ್ನುತ್ತಿಲ್ಲ, ನನ್ನ ಅಡಿಕೆಗೂ ಅದೇ ನೀರು. ಹಲಗೆ ಹಾಕುವ ಮುಂಚೆ ಒಂದು ತುಂಡು ಹೊಳೆಯನ್ನಾದರೂ ಓಡಲು ಬಿಡಬಾರದೇ?

ಮೊನ್ನೆ ಏಪ್ರಿಲ್‌ನಲ್ಲಿ ನಾವು ಬೈರಾಸು ಹಿಡಿಯುತ್ತಿದ್ದ ಗುಂಡಿಗೆ ಇಳಿದೆ. ಕಾಲು ಕೆಸರಲ್ಲಿ ಹೂತಿತು. ಅಲ್ಲಿಂದ ಅರ್ಧ ಮೈಲಿ ಮೇಲೆ, ಕಟ್ಟೆಯ ನೀರು ತಲುಪದ ಕಡೆ, ಒಂದೇ ಒಂದು ಕೂತಿತ್ತು. ನನ್ನ ನೆರಳು ಬಿದ್ದಿದ್ದೇ ತಡ, ಕಲ್ಲಿನ ಆಚೆ ಬದಿಗೆ ಜಾರಿತು.