ರಾತ್ರಿ ಪಾಳಿ

"ನೀವಿಬ್ರೂ ತುಂಬಾ ಗಟ್ಟಿ ಬಿಡಿ" ಅಂತ ಯಾರಾದರೂ ಅಂದರೆ ನನಗೆ ಈಗಲೂ ಕಸಿವಿಸಿ. ನಮ್ಮಿಬ್ಬರಲ್ಲಿ ಗಟ್ಟಿ ಇದ್ದದ್ದು ಒಬ್ಬಳೇ, ನನ್ನ ಹೆಂಡತಿ. ನಾನು ಪಕ್ಕದಲ್ಲಿ ನಿಂತು ಹೊಗಳಿಕೆಯಲ್ಲಿ ಅರ್ಧ ಪಾಲು ತಗೊಂಡವನು. ಇದನ್ನು ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಕೂತಾಗೆಲ್ಲ "ಧೈರ್ಯವಂತ ಮಗು, ಧೈರ್ಯವಂತ ಅಪ್ಪ ಅಮ್ಮ" ಅನ್ನೋ ಧಾಟಿ ತಾನಾಗಿ ಬಂದುಬಿಡೋದು. ಅದನ್ನೆಲ್ಲ ಅಳಿಸಿ ಮತ್ತೆ ಶುರುಮಾಡಿದ್ದೇನೆ.

ಮಗನಿಗೆ ಟೈಪ್ 1 ಡಯಾಬಿಟಿಸ್. ಗೊತ್ತಾದಾಗ 7 ವರ್ಷ, ಈಗ 14. ಮೊದಲು ವಿಪರೀತ ಬಾಯಾರಿಕೆ. ಹಾಸಿಗೆ ಒದ್ದೆ ಮಾಡೋದು ಬಿಟ್ಟು ಎಷ್ಟೋ ವರ್ಷ ಆಗಿದ್ದವನು ಮತ್ತೆ ಮಾಡತೊಡಗಿದ. ನಾನು ಗದರಿದೆ. (ಆ ಒಂದು ಗದರಿಕೆ ಇವತ್ತಿಗೂ ಗಂಟಲಲ್ಲೇ ಇದೆ.) ಚಡ್ಡಿ ಸೊಂಟದಿಂದ ಜಾರತೊಡಗಿತು. ಆಮೇಲೆ ವಾಂತಿ, ಏದುಸಿರು, ಬಾಯಿಂದ ಹಣ್ಣು ಕೊಳೆತಂಥ ವಾಸನೆ. ಇನ್ಸುಲಿನ್ ಇಲ್ಲದ ದೇಹ ಹೊಟ್ಟೆಪಾಡಿಗೆ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತೆ, ಅದರಿಂದ ರಕ್ತ ಆಮ್ಲವಾಗುತ್ತಾ ಹೋಗುತ್ತೆ ಅಂತ ಐಸಿಯು ಬಾಗಿಲಲ್ಲಿ ಡಾಕ್ಟರು ಹೇಳಿದರು. ನನಗೆ ಕೇಳಿಸಿದ್ದು "ಇನ್ನು ಜೀವನಪೂರ್ತಿ" ಅನ್ನೋದು ಮಾತ್ರ.

ಮನೆಗೆ ಬಂದ ವಾರದಿಂದಲೇ ನೆಂಟರ ಫೋನು. "ಸಿಹಿ ಜಾಸ್ತಿ ಕೊಟ್ರಾ?" ಅಂತ ಕೇಳಿದವರಲ್ಲಿ ಓದಿದವರೇ ಹೆಚ್ಚು. ಇದು ಸಿಹಿ ತಿಂದು ಬರೋ ಕಾಯಿಲೆ ಅಲ್ಲ. ಮೈಯ ಕಾವಲು ಪಡೆಯೇ ತಪ್ಪು ತಿಳಿದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡೋ ಜೀವಕೋಶಗಳನ್ನು ಕೊಂದುಹಾಕುತ್ತೆ, ಅಷ್ಟೇ. ಯಾಕೆ ಅನ್ನೋದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಆದರೂ ಆ ಪ್ರಶ್ನೆ ನೇರವಾಗಿ ತಾಯಿಗೇ ಹೋಗೋದು ನೋಡಿ. ನನ್ನನ್ನು ಒಬ್ಬರೂ ಕೇಳಲಿಲ್ಲ.

ಇನ್ನೂ ದೊಡ್ಡ ಅಪಾಯ ಒಂದಿದೆ. ಇನ್ಸುಲಿನ್ ಶುರುವಾದ ಮೇಲೆ ಕೆಲವು ಮಕ್ಕಳಲ್ಲಿ ಉಳಿದಿರೋ ಅಷ್ಟಿಷ್ಟು ಜೀವಕೋಶ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಡೋಸು ಇಳಿಯುತ್ತೆ, ಶುಗರ್ ಚೆನ್ನಾಗಿ ಬರುತ್ತೆ. ಡಾಕ್ಟರುಗಳು ಅದನ್ನು ಹನಿಮೂನ್ ಅಂತಾರೆ. ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಆಮೇಲೆ ಮುಗಿಯುತ್ತೆ. ಸರಿಯಾಗಿ ಆ ಹೊತ್ತಿಗೇ ಯಾರೋ ಒಬ್ಬರು ಪುಡಿಯೋ ಕಷಾಯವೋ ಹಿಡಿದು ಬರ್ತಾರೆ. "ನೋಡಿ, ಗುಣ ಆಗ್ತಿದೆ, ಸೂಜಿ ನಿಲ್ಲಿಸಿ." ನಾನು ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಒಂದು ರಾತ್ರಿ ಇವಳಿಗೆ ಹೇಳಿಯೂ ಹೇಳಿದೆ, ಒಂದೇ ಒಂದು ದಿನ ನಿಲ್ಲಿಸಿ ನೋಡೋಣ ಅಂತ. ಅವಳು ಜಗಳ ಆಡಲಿಲ್ಲ. ಫೋನಿನಲ್ಲಿ ಒಂದು ಹಳೇ ಫೋಟೋ ತೆಗೆದು ಮುಂದಿಟ್ಟಳು. ಇನ್ಸುಲಿನ್ ಬರೋಕೆ ಮುಂಚಿನ ಒಂದು ಮಗು. ಪಕ್ಕೆಲುಬು ಒಂದೊಂದೂ ಎಣಿಸಬಹುದು.

ಆ ಕಾಲದಲ್ಲಿ ಈ ಮಕ್ಕಳಿಗಿದ್ದ ಚಿಕಿತ್ಸೆ ಉಪವಾಸ. ನಿಜವಾಗಿ ಹೇಳ್ತಿದ್ದೇನೆ, ಊಟ ಕಡಿಮೆ ಮಾಡಿ ಮಾಡಿ ಕೆಲವು ತಿಂಗಳು ಸಾವನ್ನು ಮುಂದೂಡೋದು. ಅಮ್ಮಂದಿರು ಹಸಿದ ಮಕ್ಕಳಿಂದ ಊಟ ಬಚ್ಚಿಡಬೇಕಿತ್ತು. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14ರ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಮೊದಲನೇ ಇಂಜೆಕ್ಷನ್ ಒಗ್ಗಲಿಲ್ಲ. ಶುದ್ಧಮಾಡಿ ಹನ್ನೆರಡು ದಿನದ ಮೇಲೆ ಮತ್ತೆ ಕೊಟ್ಟರು, ಹುಡುಗ ಎದ್ದು ಕೂತ. ಮತ್ತೆ 13 ವರ್ಷ ಬದುಕಿದ. ಅದೇ ವರ್ಷ ಎಲಿಜಬೆತ್ ಹ್ಯೂಸ್ ಅನ್ನೋ ಹುಡುಗಿಗೂ ಇನ್ಸುಲಿನ್ ಸಿಕ್ಕಿತು. ಅಪ್ಪ ಅಮೆರಿಕದ ವಿದೇಶಾಂಗ ಮಂತ್ರಿ. ಆಕೆ 73 ವರ್ಷ ಬದುಕಿದರು, 1981ರ ತನಕ. ಆದರೆ ತನಗೆ ಈ ಕಾಯಿಲೆ ಇರೋದನ್ನು ಜೀವನವೆಲ್ಲ ಮುಚ್ಚಿಟ್ಟರು. ಈ ಮುಚ್ಚಿಡೋ ವಿಷಯಕ್ಕೆ ಆಮೇಲೆ ಬರ್ತೀನಿ.

ಸೂಜಿ ನಿಲ್ಲಿಸೋ ಮಾತು ಅಲ್ಲಿಗೆ ಮುಗೀತು.

ಈಗ ನನ್ನ ಪಾಲಿನ ಕಥೆ. ಮೊದಲ ವರ್ಷ ನಾನು ಏನು ಮಾಡ್ತಿದ್ದೆ? ದುಡಿಯುತ್ತಿದ್ದೆ. ಇನ್ಶೂರೆನ್ಸ್ ಕಾಗದ ನೋಡಿಕೊಳ್ತಿದ್ದೆ, ರಿಪೋರ್ಟೆಲ್ಲ ತಾರೀಖಿನ ಪ್ರಕಾರ ಫೈಲ್ ಮಾಡ್ತಿದ್ದೆ. ರಾತ್ರಿ ಹೊತ್ತು ಇಂಟರ್ನೆಟ್ಟಿನಲ್ಲಿ ಹೊಸ ಸಂಶೋಧನೆ ಓದಿ ಬೆಳಿಗ್ಗೆ ಅವಳಿಗೆ ಉಪನ್ಯಾಸ ಕೊಡ್ತಿದ್ದೆ. ಅವಳು? ದಿನಕ್ಕೆ ನಾಲ್ಕು ಇಂಜೆಕ್ಷನ್, ಆರೇಳು ಸಲ ಬೆರಳು ಚುಚ್ಚೋದು, ಪ್ರತಿ ಊಟದಲ್ಲಿ ಎಷ್ಟು ಕಾರ್ಬ್ (ಶುಗರ್ ಏರಿಸೋ ಪಿಷ್ಟ, ಸಕ್ಕರೆ) ಅಂತ ಅಂದಾಜು, ಅದಕ್ಕೆ ಎಷ್ಟು ಯೂನಿಟ್ ಇನ್ಸುಲಿನ್ ಅಂತ ಲೆಕ್ಕ, ಆಟ ಆಡಿದರೆ ಅದನ್ನು ಕಳೆಯೋದು, ಜ್ವರ ಬಂದರೆ ಕೂಡೋದು, ಒಂದೇ ಜಾಗಕ್ಕೆ ಚುಚ್ಚಿ ಗಂಟಾಗಬಾರದು ಅಂತ ನಿನ್ನೆ ಎಡಗಡೆ ಇವತ್ತು ಬಲಗಡೆ ನೆನಪಿಟ್ಟುಕೊಳ್ಳೋದು, ಸ್ಕೂಲಿನಲ್ಲಿ ಟೀಚರು ಬದಲಾದಾಗಲೆಲ್ಲ ಮೊದಲಿಂದ ವಿವರಿಸೋದು. ಮತ್ತೆ ರಾತ್ರಿ ಮೂರು ಗಂಟೆಗೆ ಏಳೋದು. ನಿದ್ದೆಯಲ್ಲಿ ಶುಗರ್ ಬಿದ್ದರೆ ಮಗು ತಾನಾಗಿ ಏಳದೇ ಇರಬಹುದು, ಅದಕ್ಕೆ. ಒಂದು ವರ್ಷ ಅವಳು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಪಕ್ಕದಲ್ಲೇ ಇದ್ದ ನನಗೆ ಅಲಾರಂ ಕೇಳಿಸ್ತಾನೇ ಇರಲಿಲ್ಲ. "ನಂದು ಗಾಢ ನಿದ್ದೆ" ಅಂತ ನಗುತ್ತಾ ಹೇಳಿಕೊಳ್ತಿದ್ದೆ ಬೇರೆ.

ಅತ್ತೆಗೆ ಆಪರೇಷನ್ ಅಂತ ಅವಳು ಮೂರು ದಿನಕ್ಕೆ ತವರಿಗೆ ಹೋದಳು. ಎರಡು ಹಾಳೆ ತುಂಬ ಬರೆದಿಟ್ಟು ಹೋಗಿದ್ದಳು. ಎರಡನೇ ರಾತ್ರಿ ಯಾರೋ ಭುಜ ಅಲುಗಿಸಿದರು. ಮಗಳು. ಆಗ ಅವಳಿಗೆ 11. "ಅಪ್ಪಾ, ಏಳು. ತಮ್ಮ ಬೆವರ್ತಿದಾನೆ."

ನಾನು ಲೈಟ್ ಹಾಕಿ ಮೆಷಿನ್ ಎಲ್ಲಿದೆ ಅಂತ ಹುಡುಕತೊಡಗಿದೆ. ಅದು ಅವಳ ಕೈಯಲ್ಲೇ ಇತ್ತು. ಸ್ಟ್ರಿಪ್ ಹಾಕಿದಳು, ತಮ್ಮನ ಉಂಗುರದ ಬೆರಳು ಹಿಡಿದು ತುದಿಯಲ್ಲಲ್ಲ, ಬದಿಯಲ್ಲಿ ಚುಚ್ಚಿದಳು. ಬದಿಯಲ್ಲಿ ನೋವು ಕಡಿಮೆ. ನನಗೆ ಅದು ಗೊತ್ತಿರಲಿಲ್ಲ. 52. ಎಪ್ಪತ್ತರ ಕೆಳಗೆ ಬಂದರೇ ಲೋ. ನಾನು ಗ್ಲೂಕೋಸ್ ಕಲಸಿ ಮಲಗಿದವನ ಬಾಯಿಗೆ ಹಿಡಿಯಲು ಹೋದೆ. "ಮಲಗಿಸ್ಕೊಂಡು ಕುಡಿಸ್ಬಾರ್ದು ಅಪ್ಪಾ, ಗಂಟಲಿಗೆ ಸಿಕ್ಕುತ್ತೆ. ಕೂರ್ಸು. ಎಚ್ಚರ ಇದಾನಾ ನೋಡು ಮೊದ್ಲು." ಕುಡಿಸಿದೆವು. "ಈಗ ಹದಿನೈದು ನಿಮಿಷ" ಅಂದಳು. ನಾವಿಬ್ಬರೂ ಗೋಡೆಗೊರಗಿ ಗಡಿಯಾರ ನೋಡ್ತಾ ಕೂತೆವು. ಮತ್ತೆ ಚುಚ್ಚಿದರೆ 68. ಇನ್ನೊಂದು ಲೋಟ, ಇನ್ನೊಂದು ಹದಿನೈದು ನಿಮಿಷ. 97.

ನಿನಗೆ ಹೇಗೆ ಎಚ್ಚರ ಆಯ್ತು ಅಂತ ಕೇಳಿದೆ. ದಿಂಬಿನ ಕೆಳಗಿಂದ ಒಂದು ಪುಟ್ಟ ಗಡಿಯಾರ ತೆಗೆದು ತೋರಿಸಿದಳು. ಅಮ್ಮ ಹೊರಟ ದಿನವೇ ಮೂರು ಗಂಟೆಗೆ ಅಲಾರಂ ಇಟ್ಟುಕೊಂಡಿದ್ದಾಳೆ. "ನೀನು ಏಳಲ್ಲ ಅಂತ ಗೊತ್ತಿತ್ತು" ಅಂದಳು. ದೂರಿನ ಹಾಗಲ್ಲ, ಹೊರಗೆ ಮಳೆ ಬರ್ತಿದೆ ಅನ್ನೋ ಹಾಗೆ. ಆಮೇಲೆ, "ಅಮ್ಮಂಗೆ ಹೇಳ್ಬೇಡ. ಅಜ್ಜೀನ ಬಿಟ್ಟು ಓಡಿ ಬಂದ್ಬಿಡ್ತಾಳೆ."

ಈ ಏಳು ವರ್ಷದಲ್ಲಿ ನಾನು ತೀರಾ ಕುಗ್ಗಿದ್ದು ಐಸಿಯು ಬಾಗಿಲಲ್ಲಲ್ಲ, ಆ ಗಡಿಯಾರ ನೋಡಿದಾಗ.

ಅವಳು ಯಾವಾಗ ಕಲಿತಳು? ಯಾರೂ ಕಲಿಸಿಲ್ಲ, ನೋಡ್ತಾ ನೋಡ್ತಾ. ಕಾಯಿಲೆ ಇರೋ ಮನೆಯಲ್ಲಿ ಆರೋಗ್ಯವಾಗಿರೋ ಮಗುವನ್ನು "ತುಂಬಾ ಜಾಣೆ, ಏನೂ ಹಟ ಇಲ್ಲ" ಅಂತ ಎಲ್ಲರೂ ಹೊಗಳ್ತೀವಿ. ಹಟ ಮಾಡೋಕೆ ಅಲ್ಲಿ ಜಾಗ ಇರಲ್ಲ, ಅದು ನಮ್ಮ ಗಮನಕ್ಕೆ ಬರಲ್ಲ. ಆ ವರ್ಷ ಅವಳು ಸ್ಕೂಲಿನ ನಾಟಕದಲ್ಲಿದ್ದಳಂತೆ. ನಾವಿಬ್ಬರೂ ಹೋಗಿರಲಿಲ್ಲ. ಯಾವತ್ತಿತ್ತು ಅಂತಲೂ ನನಗೆ ನೆನಪಿಲ್ಲ.

ಹೆಂಡತಿ ವಾಪಸ್ ಬಂದ ಮೇಲೆ ಎಲ್ಲ ಹೇಳಿದೆ. ಅವಳು ಅಳ್ತಾಳೆ ಅಂದುಕೊಂಡಿದ್ದೆ. "ಇವತ್ತಿಂದ ವಾರದಲ್ಲಿ ನಾಲ್ಕು ರಾತ್ರಿ ನಿಂದು" ಅಂದಳು. ಮೂರಲ್ಲ, ನಾಲ್ಕು. ಹಳೇ ಬಾಕಿ ಇತ್ತಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕಾಯ್ತಾ ಕಾಯ್ತಾ ಬೇರೆ ಅಪ್ಪ ಅಮ್ಮಂದಿರ ಪರಿಚಯ ಆಗಿದೆ. ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರೋ ಮಗಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಲು ಬರೋ ತಾಯಿ. ಪ್ರತಿ ರಕ್ತದ ಜೊತೆ ಬರೋ ಕಬ್ಬಿಣ ಹೃದಯ, ಲಿವರ್‌ನಲ್ಲಿ ಸೇರಿಕೊಳ್ಳುತ್ತೆ, ಅದನ್ನು ಹೊರಹಾಕೋಕೆ ಬೇರೆ ಔಷಧಿ. ನೆಫ್ರೋಟಿಕ್ ಸಿಂಡ್ರೋಮ್ ಅನ್ನೋ ಕಿಡ್ನಿ ಕಾಯಿಲೆ ಇರೋ ಮಗನ ಮೂತ್ರದಲ್ಲಿ ದಿನಾ ಬೆಳಿಗ್ಗೆ ಪ್ರೋಟೀನ್ ಪರೀಕ್ಷೆ ಮಾಡಿ ಡೈರಿಯಲ್ಲಿ ಬರೆಯೋ ಅಪ್ಪ. ಸ್ಟೀರಾಯ್ಡಿನಿಂದ ಊದಿದ ಮುಖ ನೋಡಿ ಜನ "ಎಷ್ಟು ದುಂಡಗಾಗಿದಾನೆ" ಅಂತಾರಂತೆ. ಕಾಯಿಲೆ ಬೇರೆ ಬೇರೆ. ಆದರೆ ನಾನು ಗಮನಿಸಿದ್ದು ಇಷ್ಟು: ಕೆಲಸ ಇಬ್ಬರಿಗೆ ಗೊತ್ತಿರೋ ಮನೆಗಳು ಹೇಗೋ ನಡೆಯುತ್ತವೆ. ಒಬ್ಬರಿಗೇ ಗೊತ್ತಿರೋ ಮನೆಗಳಲ್ಲಿ ಆ ಒಬ್ಬರು ಜ್ವರ ಬಂದು ಮಲಗೋ ಹಾಗಿಲ್ಲ, ಮದುವೆಗೆ ಹೋಗೋ ಹಾಗಿಲ್ಲ, ಕೊನೆಗೆ ಮಾತಾಡೋದನ್ನೇ ಬಿಡ್ತಾರೆ. ಹಾಗಾಗಿ ಅಣ್ಣತಮ್ಮಂದಿರೇ, ಅತ್ತಿಗೆ ನಾದಿನಿಯರೇ, ಸಮಾಧಾನ ಹೇಳೋಕೆ ಬರಬೇಡಿ. ಬಂದರೆ ಒಂದು ಮಧ್ಯಾಹ್ನ ಪೂರ್ತಿ ಕೂತು ಇನ್ಸುಲಿನ್ ಚುಚ್ಚೋ ಪೆನ್ ಹಿಡಿಯೋದು ಹೇಗೆ, ಲೋ ಆದರೆ ಏನು ಮಾಡಬೇಕು ಅಂತ ಕಲಿತುಕೊಂಡು ಹೋಗಿ. ನನ್ನ ತಂಗಿ ಹಾಗೆ ಕಲಿತಳು. ಅವಳ ಮನೆಯಲ್ಲಿ ಮಗ ಮೊದಲ ಸಲ ರಾತ್ರಿ ಉಳಿದಾಗ ನಾವಿಬ್ಬರೂ ಎಂಟು ಗಂಟೆಗೇ ಮಲಗಿಬಿಟ್ಟೆವು. ಎಲ್ಲಾದರೂ ಹೋಗೋಣ ಅಂತ ಪ್ಲಾನ್ ಇತ್ತು, ಆಗಲೇ ಇಲ್ಲ.

ಮುಚ್ಚಿಡೋ ವಿಷಯ ಅಂದೆನಲ್ಲ. ಹೋದ ವರ್ಷ ಮಗ ಶುಗರ್ ಬರೆದಿಡೋ ಪುಸ್ತಕದಲ್ಲಿ ಅಂಕಿಗಳು ಬಹಳ ಚಂದ ಬರತೊಡಗಿದವು. 110, 118, 105. ನಾನು ಬೆನ್ನು ತಟ್ಟಿದೆ. ಮೂರು ತಿಂಗಳ ಸರಾಸರಿ ತಿಳಿಸೋ ಎಚ್‌ಬಿಎ1ಸಿ ಪರೀಕ್ಷೆ ಬಂದಾಗ ಬೇರೆಯೇ ಲೆಕ್ಕ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅಷ್ಟು ದಿನದ ಸಕ್ಕರೆಯನ್ನೂ ಮೈಗೆ ಅಂಟಿಸಿಕೊಂಡಿರುತ್ತೆ, ಅದರ ಹತ್ತಿರ ಸುಳ್ಳು ನಡೆಯಲ್ಲ. ಕಾರಿನಲ್ಲಿ ನಾನು ಬಾಯಿ ತೆಗೆಯೋ ಮುಂಚೆ ಅವನೇ ಅಂದ, "ನಂಬರ್ ಜಾಸ್ತಿ ಬಂದ್ರೆ ನಿಮ್ಮಿಬ್ರ ಮುಖ ನೋಡಕ್ಕಾಗಲ್ಲ." ನಾವು ಬೈದಿರಲಿಲ್ಲ. ಬರೀ ಮುಖ. ಪರೀಕ್ಷೆಯ ಮಾರ್ಕ್ಸ್ ನೋಡೋ ಮುಖದಲ್ಲೇ ಅವನ ರಕ್ತವನ್ನೂ ನೋಡ್ತಿದ್ದೆವು ಅಂತ ಕಾಣುತ್ತೆ. ಈಗ "ಎಷ್ಟಿದೆ?" ಅಂತಷ್ಟೇ ಕೇಳೋದು, "ಯಾಕೆ ಇಷ್ಟು?" ಅನ್ನೋ ಹಾಗಿಲ್ಲ. ಇದು ನಾವೇ ಮಾಡಿಕೊಂಡ ಕಾನೂನು. ನಾನು ವಾರಕ್ಕೊಮ್ಮೆಯಾದರೂ ಮುರೀತೀನಿ.

ಈಗ ತೋಳಿಗೆ ಸೆನ್ಸರ್ ಇದೆ. ಐದು ನಿಮಿಷಕ್ಕೊಮ್ಮೆ ಫೋನಿಗೆ ಅಂಕಿ ಬರುತ್ತೆ, ಬಿದ್ದರೆ ಕೂಗುತ್ತೆ. ಮೂರು ಗಂಟೆ ಅಲಾರಂ ಬೇಡ. ಮಗಳಿಗೆ 17, ಪುಣ್ಯಾತಗಿತ್ತಿ ರಜಾದಿನ ಹತ್ತು ಗಂಟೆ ತನಕ ಮಲಗ್ತಾಳೆ. ಅವಳನ್ನು ಎಬ್ಬಿಸೋಕೆ ನಾನು ಯಾರನ್ನೂ ಬಿಡಲ್ಲ.

ಮೊನ್ನೆ ನನ್ನ ಪಾಳಿ. ಮೂರೂ ಇಪ್ಪತ್ತಕ್ಕೆ ಫೋನ್ ಬಡಕೊಂಡಿತು, 58. ಓಡಿಹೋದೆ. ಸೆನ್ಸರ್ ಇರೋ ತೋಳಿನ ಮೇಲೇ ಮಲಗಿದ್ದಾನೆ. ಹಾಗೆ ಅದುಮಿದರೆ ಅದು ಸುಮ್ಮಸುಮ್ಮನೆ ಕಡಿಮೆ ತೋರಿಸುತ್ತೆ. ಆದರೂ ನಂಬೋ ಹಾಗಿಲ್ಲ. ಉಂಗುರದ ಬೆರಳು, ಬದಿಯಲ್ಲಿ.

"ಎಷ್ಟು?" ಕಣ್ಣು ಮುಚ್ಚಿಕೊಂಡೇ ಕೇಳಿದ.

"ನೂರಾ ಹನ್ನೆರಡು."

"ಮತ್ಯಾಕೆ ಎಬ್ಸಿದ್ದು?" ಅಂತ ಗೊಣಗಿ ಮಗ್ಗುಲಾದ. ಮತ್ತೆ ಅದೇ ತೋಳಿನ ಮೇಲೆ.